ಆ ಚಪ್ಪಲಿ ಯಾರವು?

ಕಡಿದ ಕೆಂಪು ಬಾಳೆಗೊನೆಗಳನ್ನು ಅಂಗಳದಲ್ಲಿ ಬಿಸಿಲಿಗೆ ಬಿಟ್ಟು, ಮೊಬೈಲ್ ಉಜ್ಜುತ್ತಾ ಕೂರುವ ಪುಣ್ಯಾತ್ಮ ಕಮಲಾಪುರದಲ್ಲಿ ಇದ್ದರೆ ಅವನು ದೌಲಪ್ಪ ಒಬ್ಬನೇ! ಗೊನೆ ಒಯ್ಯಲು ಕಲಬುರಗಿಯಿಂದ ಟೆಂಪೊ ತಂದಿದ್ದ ವ್ಯಾಪಾರಿ ಬುರ್ಹಾನುದ್ದೀನನನ್ನು, ಚಹಾ ಕೂಡ ಕೊಡದೆ, ಬಾಗಿಲಿನಿಂದಲೇ ವಾಪಸ್ ಕಳಿಸಿದ್ದ. ಹೆಂಡತಿ ನೀಲಗಂಗಮ್ಮನಿಗೆ ತಲೆ ಕೆಟ್ಟುಹೋಯಿತು.

“ರೀ, ನಿಮಗ ಬುದ್ಧಿ ಗಿದ್ಧಿ ಅದನೋ ಇಲ್ಲೋ? ಮಾವನವರ ಕಾಲದಿಂದ ನಮ್ಮ ಹಣ್ಣು ಒಯ್ಯೋ ಮನಿತನ ಅದು. ಅವರು ಮಾಡಿದ್ದರ ಏನು?”

ದೌಲಪ್ಪ ಮೊಬೈಲ್ ಮುಂದೆ ಹಿಡಿದ. “ನೋಡಿಲ್ಲಿ, ಅವರ ಮಂದಿ ಬಾಂಬ್ ಹಾಕ್ಯಾರ. ನಾಳಿ ನಮ್ಮ ಕಲಬುರಗಿ ಸ್ಟೇಶನ್ ಬಜಾರದಾಗೂ ಹಾಕ್ತಾರ. ಆ ಬುರ್ಹಾನಗ ಯಾರೂ ಹಣ್ಣು ಕೊಡಬ್ಯಾಡ್ರಿ ಅಂತ ಬೆಳೆಗಾರರ ಗ್ರೂಪಿಗೆ ಕಳಿಸೀನಿ.”

“ಅಯ್ಯ ನಮ್ಮವ್ವ! ಅವರ ಹೊಟ್ಟಿ ಮ್ಯಾಲ ಹೊಡದು ಕೂತೀರಲ್ಲ!”

ಅಷ್ಟರಲ್ಲಿ ದೌಲಪ್ಪನ ತಂಗಿ ಶೀಲಾ ಬಂದಳು. ಕಲಬುರಗಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು. ವಿಡಿಯೋ ನೋಡಿ ಮುಖ ಸಿಂಡರಿಸಿದಳು.

“ಅಣ್ಣಾ, ಇದು ಹೊರದೇಶದ್ದು, ಹಳೇದು. ಪೂರಾ ನೋಡೀಯೇನು?”

“ಪೂರಾ ಏನ್ ನೋಡೂದು? ಅವರೇ ಹಾಕ್ಯಾರಂತ ಮ್ಯಾಲೆ ಬರದಾರಲ್ಲ.”

ನೀಲಗಂಗಮ್ಮ ಮೊಬೈಲ್ ಕಸಿದುಕೊಂಡಳು. ಹೊಗೆ, ಚೀರಾಟ, ಒಡೆದ ಬಾಗಿಲು. ಬಾಗಿಲ ಹೊರಗೆ ಸಾಲಾಗಿ ಬಿಟ್ಟ ಚಪ್ಪಲಿಗಳು. ಅದರಲ್ಲಿ ಸಣ್ಣ ಮಕ್ಕಳವೂ ಇದ್ದವು.

“ಆ ಚಪ್ಪಲಿ ಯಾರವು?”

“ಮಸೀದಿ ಒಳಗ ನಮಾಜ್ ಮಾಡಾಕತ್ತಿದ್ದವರವು, ವೈನಿ,” ಎಂದಳು ಶೀಲಾ. “ ಸತ್ತವರು ಅವರೇ.”

ದೌಲಪ್ಪ ಮೊಬೈಲ್ ವಾಪಸ್ ಕಸಿದುಕೊಂಡ. ಆದರೂ ಹಟ ಬಿಡಲೊಲ್ಲ. “ಖರೇ ಇರಬಹುದು. ಆದ್ರ ಈ ಬಾಂಬಿನ ಚಾಳಿ ಶುರು ಮಾಡಿದವರು ಅವರೇ ಅಲ್ಲೇನು?”

“ಎರಡು ಸಾವಿರ ವರ್ಷದ ಹಿಂದ ಜೆರುಸಲೇಮಿನಾಗ ಯಹೂದಿ ಉಗ್ರರ ಗುಂಪೊಂದು ಹಬ್ಬದ ಗದ್ದಲದಾಗ ಚೂರಿ ಮುಚ್ಚಿಟ್ಕೊಂಡು ಬಂದು ತಮ್ಮ ಜನರನ್ನೇ ಇರೀತಿತ್ತು. ಆವಾಗ ಇಸ್ಲಾಂ ಹುಟ್ಟೇ ಇರಲಿಲ್ಲಣ್ಣ. ಜಪಾನಿನಾಗ ಒಬ್ಬ ಗುರುವಿನ ಶಿಷ್ಯರು ರೈಲಿನಾಗ ವಿಷದ ಗಾಳಿ ಬಿಟ್ಟರು. ಶ್ರೀಲಂಕಾದಾಗ ಈಸ್ಟರ್ ದಿನ ಚರ್ಚಿನಾಗ ಬಾಂಬ್ ಸಿಡಿಸಿದವರು ಮುಸ್ಲಿಂ ಉಗ್ರರು. ಎಲ್ಲಾ ಧರ್ಮದ ಹೆಸರಿನಾಗೂ ಕೊಂದವರು ಅದಾರ. ಕೊಂದವರ ಲೆಕ್ಕ ಬುರ್ಹಾನ್ ಭಾಯಿ ಯಾಕ ಕೊಡಬೇಕು?”

ದೌಲಪ್ಪ ಗೊನೆಗಳ ಕಡೆ ನೋಡಿದ. ಶೀಲಾ ಬಿಡಲಿಲ್ಲ.

“ಬಾಂಬ್ ಹಾಕುವವರಿಗೆ ಬೇಕಾದದ್ದು ಸತ್ತವರಷ್ಟೇ ಅಲ್ಲ. ಉಳಿದವರು ಒಬ್ಬರ ಮುಖ ಒಬ್ಬರು ನೋಡಬಾರದು, ಅದು ಬೇಕು ಅವರಿಗೆ. ಆ ಕೆಲಸ ನೀ ಇಲ್ಲೇ ಕೂತು ಪುಕ್ಕಟೆ ಮಾಡಿಕೊಟ್ಟಿ.”

“ಕೇಳಿಸ್ತೇನ್ರಿ?” ಎಂದಳು ನೀಲಗಂಗಮ್ಮ. “ಬೆಂಕಿ ಹಚ್ಚಿದವರು ನೀವು, ನೀವೇ ಆರಿಸ್ರಿ. ಮೊದಲು ಅದೇ ಗ್ರೂಪಿನಾಗ ಮಾತಾಡ್ರಿ.”

ದೌಲಪ್ಪ ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕಿದ: “ನಾ ಕಳಿಸಿದ್ದು ಸುಳ್ಳು. ಬುರ್ಹಾನ್ ಭಾಯಿದು ಏನೂ ತಪ್ಪಿಲ್ಲ. ತಪ್ಪು ನಂದು.” ಆಮೇಲೆ ಬಾಡಿಗೆ ಟೆಂಪೊದಲ್ಲಿ ಗೊನೆ ಏರಿಸಿ, ಹೆಂಡತಿಯನ್ನೂ ಕರೆದುಕೊಂಡು ಸ್ಟೇಶನ್ ಬಜಾರಕ್ಕೆ ಹೋದ.

ಬುರ್ಹಾನುದ್ದೀನನ ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಬೇರೆ ಯಾರ ಗೊನೆಯೂ ಬಂದಿರಲಿಲ್ಲ.

“ತಪ್ಪಾತು ಭಾಯಿ. ವಿಡಿಯೋ ನೋಡಿ ತಲಿ ಕೆಟ್ಟಿತ್ತು.”

“ನನಗೂ ಬಂದಿತ್ತು, ದೌಲಪ್ಪಣ್ಣ,” ಎಂದ ಬುರ್ಹಾನುದ್ದೀನ್. “ಪೂರಾ ನೋಡಲಿಕ್ಕೆ ಆಗಲಿಲ್ಲ. ಶುಕ್ರವಾರ ನಾನೂ ಮೊಮ್ಮಗಳ ಕೈ ಹಿಡ್ಕೊಂಡು ಹಂಗೇ ಚಪ್ಪಲಿ ಬಿಟ್ಟು ಒಳಗ ಹೋಗ್ತೀನಿ.”

ದೌಲಪ್ಪನಿಗೆ ತಲೆ ಎತ್ತಲಾಗಲಿಲ್ಲ. ಬುರ್ಹಾನುದ್ದೀನ್ ಶಟರ್ ಪೂರ್ತಿ ಮೇಲೆತ್ತಿದ. “ಗೊನಿ ಇಳಸ್ರಿ. ಬಿಸಿಲಿಗೆ ಕಪ್ಪಾಗ್ತಾವ.”

ಕೇಳಿದಿರಲ್ಲ? ನಿಮ್ಮ ಮೊಬೈಲಿಗೂ ಇಂಥದ್ದು ಬಂದೇ ಬರುತ್ತದೆ. ಎಲ್ಲಿಯದು, ಯಾವಾಗಿನದು, ಸತ್ತವರು ಯಾರು ಎಂದು ಕೇಳಿ. ಗೊತ್ತಾಗದಿದ್ದರೆ ಅಲ್ಲೇ ಅಳಿಸಿ. ಕಳಿಸಿಬಿಟ್ಟಿದ್ದರೆ ಸುಳ್ಳೆಂದು ಅದೇ ಗುಂಪಿನಲ್ಲಿ ಹೇಳಿ. ನಿಜವಾಗಿಯೂ ಅನುಮಾನ ಬಂದರೆ ಪೊಲೀಸರಿಗೆ ತಿಳಿಸಿ. ನೆರೆಯವರ ಮುಖ ನಿಮಗೆ ವರ್ಷಗಳಿಂದ ಗೊತ್ತು. ವಿಡಿಯೋ ಕಳಿಸಿದವನ ಮುಖ ನೋಡಿದ್ದೀರಾ?