ಸೋರಲೇಬೇಕಾದ ಪೈಪು

ಎಲ್ಲಾದರೂ ನೀರು ತೊಟ್ಟಿಕ್ಕುವ ಸದ್ದು ಕೇಳಿದರೆ ಅವಳಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನೆಂಟರ ಮನೆಗೆ ಹೋದರೂ ಅಷ್ಟೇ. ಮಾತಾಡಿಸುತ್ತಿದ್ದವರನ್ನು ಅರ್ಧಕ್ಕೆ ಬಿಟ್ಟು ಎದ್ದು, ಬಚ್ಚಲಿಗೆ ನುಗ್ಗಿ, ಪರ್ಸಿನಿಂದ ವಾಷರ್ ತೆಗೆದು ನಲ್ಲಿಗೆ ಹಾಕಿ ಬಂದರೇ ಸಮಾಧಾನ. ಪರ್ಸಿನಲ್ಲಿ ವಾಷರ್ ಇಟ್ಟುಕೊಂಡು ತಿರುಗುವ ಹೆಂಗಸನ್ನು ನೀವು ನೋಡಿಲ್ಲ ಅಂದರೆ ಅದು ನಿಮ್ಮ ನಷ್ಟ, ಅದಕ್ಕೆ ನಾನೇನು ಮಾಡಲಿ! ಇಪ್ಪತ್ತಾರು ವರ್ಷ ಪ್ಲಂಬಿಂಗ್ ಮಾಡಿದ ಕೈ ಅದು. ಬೀದಿಯವರೆಲ್ಲ ಅವಳನ್ನು ನಲ್ಲಿಯಕ್ಕ ಎಂದೇ ಕರೆಯುತ್ತಿದ್ದರು. ಅವಳ ನಿಜವಾದ ಹೆಸರು ಅಂಚೆಯವನಿಗೂ ಮರೆತುಹೋಗಿತ್ತು.

ನಲ್ಲಿಯಕ್ಕನ ಗಂಡ ಲಾರಿ ಡ್ರೈವರ್. ಮೂರು ವರ್ಷದ ಹಿಂದೆ ಲೋಡಿನ ಮೇಲೆ ಹಗ್ಗ ಬಿಗಿಯುವಾಗ ಕಾಲು ಜಾರಿ ಬಿದ್ದು ಬೆನ್ನು ಮುರಿದುಕೊಂಡಿದ್ದ. ದಿಂಬಿನ ಆಸರೆಯಲ್ಲಿ ಅರ್ಧ ಗಂಟೆ ಕೂರಬಲ್ಲ, ಅದರ ಮೇಲೆ ಮಲಗಲೇಬೇಕು. ಬೆನ್ನಿಗಿಂತ ಹೆಚ್ಚಾಗಿ ಅವನ ಮನಸ್ಸು ಕೂತುಬಿಟ್ಟಿತ್ತು. ಏನು ಕೇಳಿದರೂ ಒಂದೇ ಉತ್ತರ: "ಬಿಡು, ನನ್ನನ್ನ ಹೊತ್ಕೊಂಡು ಎಲ್ಲಿಗೆ ಅಂತ ಹೋಗ್ತೀಯಾ?" ಬಾಯಿ ತೆರೆದರೆ ಇಡೀ ಗ್ಯಾರೇಜನ್ನೇ ನಗಿಸುತ್ತಿದ್ದ ಮನುಷ್ಯ, ಗೋಡೆ ನೋಡಿಕೊಂಡು ದಿನ ತಳ್ಳುತ್ತಿದ್ದ.

ಹೀಗಿರುವಾಗ ಮಗಳ ಫೋನು ಬಂತು. ಘಟ್ಟದ ಆಚೆ, ನದಿ ಸಮುದ್ರ ಸೇರುವಲ್ಲಿ, ಕಾರು ಲಾರಿಗಳನ್ನು ಹೊತ್ತು ದಡ ದಾಟಿಸುವ ದೊಡ್ಡ ದೋಣಿಯಲ್ಲಿ ಅವಳಿಗೆ ಕೆಲಸ. ಎಂಟು ವರ್ಷ ಹಗ್ಗ ಎಳೆದು, ಡೆಕ್ ತೊಳೆದು, ಪರೀಕ್ಷೆ ಮೇಲೆ ಪರೀಕ್ಷೆ ಬರೆದಿದ್ದಳು.

"ಅಪ್ಪಾ, ಮುಂದಿನ ತಿಂಗಳು ಮೊದಲನೇ ಶನಿವಾರ, ನಾಲ್ಕು ಗಂಟೆ ಟ್ರಿಪ್ಪು. ಮೊದಲ ಸಲ ನಾನೇ ಕ್ಯಾಪ್ಟನ್."

ಅವಳು ಹತ್ತು ವರ್ಷದವಳಿದ್ದಾಗ ತೊಡೆ ಮೇಲೆ ಕೂರಿಸಿಕೊಂಡು ಲಾರಿಯ ಸ್ಟೀರಿಂಗ್ ಹಿಡಿಸಿ, ಕಣ್ಣು ದಾರಿ ಬಿಟ್ಟು ಕದಲಬಾರದು, ಕ್ಲಚ್ ಬಿಟ್ಟದ್ದು ಕೂತವರಿಗೆ ಗೊತ್ತಾಗಬಾರದು ಎಂದು ಕಲಿಸಿದ್ದವನು ಅವನೇ. "ಭಪ್ಪರೇ ಮಗಳೇ!" ಎಂದ. ಫೋನ್ ಇಟ್ಟ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದ. ಆ ಬೆನ್ನು ಅಲುಗುತ್ತಿದ್ದುದನ್ನು ನಲ್ಲಿಯಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಈ ಮನುಷ್ಯನನ್ನು ಆ ದೋಣಿ ಹತ್ತಿಸದಿದ್ದರೆ ತಾನು ಇನ್ನು ಸ್ಪ್ಯಾನರ್ ಮುಟ್ಟುವುದಿಲ್ಲ ಎಂದು ಅಲ್ಲೇ ನಿರ್ಧರಿಸಿಬಿಟ್ಟಳು.

ಐದು ಗಂಟೆ ದಾರಿ. ಕೂತು ಹೋಗಲಾರ. ಮಲಗಿಸಿಕೊಂಡು ಹೋಗಬೇಕು. ಹಳೆಯ ಗಿರಾಕಿಯೊಬ್ಬರ ಶೆಡ್ಡಿನಲ್ಲಿ ಒಂದು ಮನೆಗಾಡಿ ಧೂಳು ತಿನ್ನುತ್ತಾ ನಿಂತದ್ದು ಅವಳಿಗೆ ನೆನಪಾಯಿತು. ಒಳಗೆ ಮಂಚ, ಒಲೆ, ಪಾತ್ರೆ ತೊಳೆಯುವ ಸಿಂಕು, ಬೀರುವಿನಷ್ಟು ಬಚ್ಚಲು, ಎಂಬತ್ತು ಲೀಟರಿನ ನೀರಿನ ಟ್ಯಾಂಕು. ಮಗಳಿಗಿಂತ ಹದಿನೈದು ವರ್ಷ ದೊಡ್ಡದು. "ತಗೊಂಡು ಹೋಗಮ್ಮಾ, ನನ್ನ ಶೆಡ್ಡು ಖಾಲಿಯಾದ್ರೆ ಸಾಕು" ಎಂದರು ಆ ಹಿರಿಯರು. ಎಳೆದು ತಂದು ಮನೆ ಮುಂದೆ ನಿಲ್ಲಿಸಿದಾಗ ಬೀದಿಯೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿತು. ನಗಲಿ ಬಿಡಿ.

ಎಂಜಿನ್ ಬದುಕಿತ್ತು. ಆದರೆ ಹತ್ತು ನಿಮಿಷ ಓಡಿದರೆ ಕುದಿಯುತ್ತಿತ್ತು. ಗಂಡನನ್ನು ಅದೇ ಗಾಡಿಯ ಮಂಚದ ಮೇಲೆ ಮಲಗಿಸಿ, ಬಾಗಿಲು ತೆರೆದಿಟ್ಟು, ನಲ್ಲಿಯಕ್ಕ ಕೆಲಸಕ್ಕೆ ಇಳಿದಳು. ರೇಡಿಯೇಟರ್ ಬಿಚ್ಚಿ, ತಲೆಕೆಳಗು ಮಾಡಿ, ಕೆಳಬಾಯಿಂದ ಮೇಲಕ್ಕೆ ನೀರು ಹಾಯಿಸಿದಳು. ಮೊದಲ ದಿನ ಬಂದದ್ದು ತುಕ್ಕಿನ ರಾಡಿ. ಆರನೆಯ ದಿನ ತಿಳಿನೀರು. ಆದರೂ ಒಳಗಿನ ಕೊಳವೆಗಳಲ್ಲಿ ಕೆಲವು ಕಲ್ಲುಗಟ್ಟಿ ಮುಚ್ಚಿಹೋಗಿದ್ದವು, ಏನು ಮಾಡಿದರೂ ಬಾಯಿ ಬಿಡಲಿಲ್ಲ. ನೀರು ತಳ್ಳುವ ಪಂಪಿಗೆ ಹೊಸ ಸೀಲು, ಫ್ಯಾನಿಗೆ ಹೊಸ ಬೆಲ್ಟು. ಚಳಿಗಾಲದಲ್ಲಿ ಎಂಜಿನ್ನಿನ ಬಿಸಿನೀರನ್ನೇ ಮಂಚದ ಕೆಳಗೆ ಸುತ್ತಿಸಿ ಕೋಣೆ ಬೆಚ್ಚಗಿಡುವ ಹೀಟರೊಂದಿತ್ತು. ಬೇಸಿಗೆಯಲ್ಲಿ ಯಾರಿಗೆ ಬೇಕೆಂದು ಅದರ ನಲ್ಲಿಯನ್ನು ತಿರುಗಿಸಿ ಮುಚ್ಚಿದಳು.

ಗಂಡ ಮಂಚದಿಂದಲೇ ಹುಕುಂ ಹೊರಡಿಸುತ್ತಿದ್ದ. ಅವಳು ಕಿವಿ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ. ಇಬ್ಬರಿಗೂ ದಿನಕ್ಕೆ ನಾಲ್ಕು ಸಲ ಜಗಳ. ಆದರೆ ಒಂದು ಸಂಜೆ ಅವನಾಗಿಯೇ ಕೇಳಿದ: "ನಾಳೆ ಎಷ್ಟು ಗಂಟೆಗೆ ಶುರು ಮಾಡ್ತೀಯಾ?" ನಾಳೆ ಎಂಬ ಮಾತು ಅವನ ಬಾಯಲ್ಲಿ ಬಂದು ಎಷ್ಟು ಕಾಲವಾಗಿತ್ತು! ನಲ್ಲಿಯಕ್ಕ ಸಿಂಕಿನ ಕಡೆ ತಿರುಗಿ ಸುಮ್ಮಸುಮ್ಮನೆ ಕೈ ತೊಳೆದುಕೊಂಡಳು.

ಒಂದೇ ಒಂದು ವಿಷಯದಲ್ಲಿ ಅವನು ಪಟ್ಟು ಹಿಡಿದಿದ್ದ. ರೇಡಿಯೇಟರ್ ಮುಚ್ಚಳದ ಪಕ್ಕದಿಂದ ಬೆರಳು ಗಾತ್ರದ ಪೈಪೊಂದು ಕೆಳಗಿಳಿದು, ತುದಿಯಲ್ಲಿ ತೊಟಕ್ ತೊಟಕ್ ಎನ್ನುತ್ತಿತ್ತು.

"ಅದನ್ನ ಮಾತ್ರ ಮುಟ್ಬೇಡ."

"ಸೋರ್ತಾ ಇದೆಯಲ್ರೀ!"

"ಸೋರ್ಲಿ. ಒಳಗೆ ಬಿಸಿ ಏರಿದಾಗ ಅದು ಉಸಿರು ಬಿಡೋದೇ ಅಲ್ಲಿಂದ. ಅದು ಸೋರ್ಲೇಬೇಕಾದ ಪೈಪು ಕಣೇ."

ಆಗಲಿ ಎಂದಳು. ಹೊರಡುವ ಹಿಂದಿನ ದಿನ ಗಾಡಿಯಡಿ ತಟ್ಟೆಯಗಲ ನೀರು ನಿಂತಿತ್ತು. ನೋಡಿದಳು. ಒಳಗೆ ಹೋದಳು. ಮತ್ತೆ ಹೊರಗೆ ಬಂದು ನೋಡಿದಳು. ಇಪ್ಪತ್ತಾರು ವರ್ಷದಲ್ಲಿ ಅವಳು ಸೋರುವ ಪೈಪನ್ನು ಹಿಂದೆ ಬಿಟ್ಟು ಹೊರಟವಳೇ ಅಲ್ಲ. ಚೀಲದಿಂದ ಹಿತ್ತಾಳೆಯ ಬಿರಡೆಯೊಂದನ್ನು ತೆಗೆದು, ಪೈಪಿನ ಬಾಯಿಗೆ ಜಡಿದು, ಮೇಲೆ ಕ್ಲಿಪ್ಪು ಬಿಗಿದಳು. ಊರೊಳಗೆ ಎರಡು ಸುತ್ತು ಹೊಡೆಸಿದಳು. ಏನೂ ಆಗಲಿಲ್ಲ. ಗಂಡನಿಗೆ ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಹೊರಟರು, ಸ್ಟೀರಿಂಗಿನಲ್ಲಿ ನಲ್ಲಿಯಕ್ಕ, ಹಿಂದೆ ಮಂಚದ ಮೇಲೆ ಗಂಡ. ಬಯಲು ದಾರಿಯಲ್ಲಿ ಗಾಡಿ ಮದುವಣಗಿತ್ತಿಯ ಹಾಗೆ ನಡೆಯಿತು. ಗಂಡ ಕಿಟಕಿಯಿಂದ ಎದುರು ಬರುವ ಲಾರಿಗಳ ಟಯರುಗಳಲ್ಲೆಲ್ಲ ಕೊಂಕು ಹುಡುಕುತ್ತಾ, ಡ್ರೈವರುಗಳನ್ನು ಬೈಯುತ್ತಾ, ಮೂರು ವರ್ಷದ ಮಾತನ್ನು ಒಟ್ಟಿಗೆ ಆಡಿದ. ಹನ್ನೊಂದರ ಹೊತ್ತಿಗೆ ಘಟ್ಟ ಶುರುವಾಯಿತು. ಏಳನೆಯ ತಿರುವಿನಲ್ಲಿ ಢಬ್ ಎಂದಿತು ನೋಡಿ! ಎರಡು ಸೀಟುಗಳ ನಡುವಿನ ಎಂಜಿನ್ ಮುಚ್ಚಳದ ಸಂದಿಯಿಂದ ಆವಿ ನುಗ್ಗಿತು. ಗಾಡಿಯನ್ನು ಪಕ್ಕಕ್ಕೆ ಎಳೆದು, ಎಂಜಿನ್ ಆರಿಸಿ, ಇಳಿದು ಚಕ್ರಕ್ಕೆ ಕಲ್ಲು ಕೊಟ್ಟಳು.

"ಯಾವ ಪೈಪು?" ಹಿಂದಿನಿಂದ ಗಂಡ ಕೇಳಿದ.

"ರೇಡಿಯೇಟರಿನ ಮೇಲಿನ ದಪ್ಪ ಪೈಪು. ತುದಿಯಲ್ಲಿ ಸೀಳಿದೆ."

"ರಬ್ಬರು ಕೊಳೆತಿದೆ. ಒಂದು ಹೋಯ್ತು ಅಂದ್ರೆ ಉಳಿದವೂ ಸಾಲಾಗಿ ಹೋಗ್ತವೆ. ಘಟ್ಟದ ಮಧ್ಯೆ ಸಿಕ್ಕಾಕಿಕೊಂಡ್ರೆ ನನ್ನನ್ನ ಎತ್ತೋರು ಯಾರು? ತಿರುಗ್ಸು. ಇಳಿಜಾರಿದೆ, ಹೇಗೋ ಮನೆ ಸೇರ್ತೀವಿ."

"ನಾಲ್ಕು ಗಂಟೆಗೆ ಇನ್ನೂ ಟೈಮಿದೆ ರೀ."

"ಬಿಡು."

ಮತ್ತೆ ಅದೇ ದನಿ, ಗೋಡೆ ಕಡೆ ತಿರುಗಿದ ದನಿ. ಅವಳು ಗಾಡಿಯ ಮುಂಭಾಗಕ್ಕೆ ಹೋಗಿ ಬಗ್ಗಿದಳು. ಅವಳ ಬಿರಡೆ ಭದ್ರವಾಗಿ ಕೂತಿತ್ತು. ಎಷ್ಟು ಭದ್ರ ಎಂದರೆ, ಒಳಗಿನ ಆವಿ ಹೋಗಲು ದಾರಿ ಕಾಣದೆ ದಪ್ಪ ಪೈಪನ್ನೇ ಸೀಳಿಕೊಂಡು ಹೊರಬಂದಿತ್ತು. ತನ್ನ ಕೈಗೆಲಸ! ಸದ್ದಿಲ್ಲದೆ ಬಿಚ್ಚಿ ಜೇಬಿಗೆ ಹಾಕಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ. ತಪ್ಪು ಹಳೇ ರಬ್ಬರಿನ ತಲೆಗೆ ಹೋಗುತ್ತದೆ. ಆದರೆ ರಬ್ಬರಿನದೇ ತಪ್ಪು ಎಂದರೆ ಗಂಡ ಹೇಳಿದ್ದು ಸರಿ, ವಾಪಸ್ಸು ಹೋಗಬೇಕು. ಮುಂದೆ ಹೋಗಬೇಕೆಂದರೆ ತನ್ನ ತಪ್ಪನ್ನು ತಾನೇ ಬಾಯಿಬಿಟ್ಟು ಹೇಳಬೇಕು. ಅವಳ ಕೆಲಸದಲ್ಲಿ ಇದುವರೆಗೆ ಯಾರೂ ಹುಳುಕು ತೋರಿಸಿರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಬಿರಡೆಯನ್ನು ಬಿಚ್ಚಿ ತಂದು ಗಂಡನ ಎದೆ ಮೇಲೆ ಇಟ್ಟಳು.

"ರಬ್ಬರು ಕೊಳೆತಿಲ್ಲ. ಸೋರೋ ಪೈಪಿಗೆ ನಾನು ಇದನ್ನ ಜಡಿದಿದ್ದೆ. ನಿನ್ನೆ. ನಿಮಗೆ ಹೇಳ್ಲಿಲ್ಲ."

ಅವನು ಬಿರಡೆಯನ್ನು ತಿರುಗಿಸಿ ನೋಡಿದ. ಅವಳನ್ನು ನೋಡಿದ. ಮುಖ ಕೆಂಪಾಯಿತು. "ಅಯ್ಯೋ ನಿನ್ನ! ಅಷ್ಟು ಬಡ್ಕೊಂಡೆನಲ್ಲೇ, ಮುಟ್ಬೇಡ ಅಂತ! ನಲ್ಲಿ ರಿಪೇರಿ ಮಾಡೋಳ ಕೈಗೆ ರೇಡಿಯೇಟರ್ ಕೊಟ್ಟೆನಲ್ಲ, ನನ್ನ ಬುದ್ಧಿಗಿಷ್ಟು..."

"ಬೈಯಿರಿ. ಚೆನ್ನಾಗಿ ಬೈಯಿರಿ. ಆದ್ರೆ ವಾಪಸ್ ಹೋಗೋ ಮಾತಾಡ್ಬೇಡಿ."

"ಯಾಕೆ ಹೋಗ್ಬೇಕು? ಪೈಪು ಗಟ್ಟಿಯಾಗಿದೆ ಅಂತಾಯ್ತಲ್ಲ!" ಬೈಗುಳದ ನಡುವೆಯೇ ಅವನಿಗೆ ನಗು ಬಂದುಬಿಟ್ಟಿತು. ನಗುವಾಗ ಬೆನ್ನು ಹಿಡಿದು "ಅಮ್ಮಾ" ಎಂದ, ಆದರೂ ನಕ್ಕ. "ಮುಕ್ಕಾಲು ಗಂಟೆ ಆರೋಕೆ ಬಿಡು. ಅಲ್ಲಿ ತನಕ ಮುಚ್ಚಳಕ್ಕೆ ಕೈ ಹಾಕಿದ್ರೆ ಮುಖ ಬೇಯುತ್ತೆ."

ಕಾದಳು. ಆಮೇಲಿನದು ಅವಳಿಗೆ ನೀರು ಕುಡಿದಷ್ಟು ಸುಲಭ. ಸೀಳಿದ ತುದಿಯನ್ನು ಎರಡು ಬೆರಳಷ್ಟು ಕತ್ತರಿಸಿ, ಉಳಿದದ್ದನ್ನು ಎಳೆದು ಕೂರಿಸಿ, ಕ್ಲಿಪ್ಪು ಹಾಕಿ ಬಿಗಿದಳು. ಸಿಂಕಿನ ನಲ್ಲಿಯಿಂದ ಕೊಡ ತುಂಬಿ ತಂದು, ಎಂಜಿನ್ ನಡೆಸುತ್ತಾ ನಿಧಾನವಾಗಿ ನೀರು ತುಂಬಿದಳು. ಸೋರುವ ಪೈಪು ಮತ್ತೆ ತೊಟಕ್ ಎಂದಿತು. ಹಲ್ಲು ಕಚ್ಚಿ ನೋಡಿಯೂ ನೋಡದ ಹಾಗೆ ಗಾಡಿ ಹತ್ತಿದಳು.

ಮೂರು ತಿರುವು ದಾಟುವಷ್ಟರಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪು ಗೆರೆಯ ಕಡೆ ಹೊರಟಿತು. ರೇಡಿಯೇಟರಿನಲ್ಲಿ ಬಾಯಿ ಬಿಡದೆ ಉಳಿದಿದ್ದ ಕೊಳವೆಗಳು ಏರಿನಲ್ಲಿ ಕೈ ಕೊಟ್ಟಿದ್ದವು.

"ಎಷ್ಟಿದೆ?"

"ಕೆಂಪಿಗೆ ಒಂದು ಕಡ್ಡಿ ಕಮ್ಮಿ."

"ಹೀಟರಿನ ನಲ್ಲಿ ತೆಗಿ."

ಅವಳಿಗೆ ಅರ್ಥವಾಯಿತು. ಹೀಟರ್ ಎಂದರೆ ಇನ್ನೊಂದು ಚಿಕ್ಕ ರೇಡಿಯೇಟರೇ. ಎಂಜಿನ್ನಿನ ಬಿಸಿಯನ್ನು ಅದು ಹೊತ್ತು ತಂದು ಹಿಂದಿನ ಕೋಣೆಯಲ್ಲಿ ಸುರಿಯುತ್ತದೆ. ಸುರಿಯುವುದು ಎಲ್ಲಿ? ಮಂಚದ ಕೆಳಗೆ.

"ಹುಚ್ಚು ಹಿಡಿದಿದೆಯೇನ್ರೀ? ಈ ಬಿಸಿಲಲ್ಲಿ? ಬೆಂದುಹೋಗ್ತೀರಾ!"

"ಇಪ್ಪತ್ತೇಳು ವರ್ಷ ಎಂಜಿನ್ ಪಕ್ಕ ಕೂತು ಬೆಂದಿದೀನಿ. ಎಲ್ಲಾ ನೀನೇ ಮಾಡ್ತಾ ಇದೀಯಾ. ನಂಗೂ ಒಂದು ಕೆಲಸ ಕೊಡೇ! ತೆಗಿ ಅಂದ್ರೆ ತೆಗಿ."

ಆ ದನಿಗೆ ಎದುರಾಡಲು ಅವಳಿಗೆ ಆಗಲಿಲ್ಲ. ತಿರುವಿನ ಸಮತಟ್ಟಿನಲ್ಲಿ ಗಾಡಿ ನಿಲ್ಲಿಸಿ ಕಿಟಕಿಗಳನ್ನೆಲ್ಲ ತೆರೆದಳು. ಒದ್ದೆ ಟವೆಲು ಅವನ ಎದೆಗೆ ಹೊದಿಸಿದಳು, ನೀರಿನ ಬಾಟಲಿ ಕೈಗೆ ಕೊಟ್ಟಳು. ಹೀಟರಿನ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಮಂಚದಡಿಯ ಪೈಪಿನಲ್ಲಿ ಗುಳುಗುಳು ಎಂದು ಗಾಳಿ ಹೊರಟು, ಹಿಂದೆಯೇ ಬಿಸಿನೀರು ನುಗ್ಗಿತು. ಮುಳ್ಳು ನಿಂತಿತು. ಆಮೇಲೆ ಒಂದು ಕೂದಲೆಳೆಯಷ್ಟು ಇಳಿಯಿತು.

ಇನ್ನು ಹನ್ನೆರಡು ತಿರುವು. ಪ್ರತಿ ತಿರುವಿಗೂ ಅವಳು "ರೀ!" ಎನ್ನುತ್ತಿದ್ದಳು. ಅವನು "ಹೂಂ!" ಎನ್ನುತ್ತಿದ್ದ. ಆ ಹನ್ನೆರಡರಲ್ಲಿ ಒಂಬತ್ತನೆಯದರಲ್ಲಿ "ರೀ!" ಎಂದಳು. ಹಿಂದಿನಿಂದ ಸದ್ದಿಲ್ಲ. "ರೀ!" ಇಲ್ಲ. ಅವಳ ಕಾಲು ಬ್ರೇಕಿನ ಮೇಲೆ ಹೋಯಿತು.

"ನಿಲ್ಲಿಸ್ಬೇಡ!" ಅವನು ಗುಡುಗಿದ. "ನಿಂತ್ರೆ ಈ ಏರಲ್ಲಿ ಮತ್ತೆ ಎತ್ತಲ್ಲ! ನೀರು ಕುಡೀತಾ ಇದ್ದೆ ಮಾರಾಯ್ತಿ, ಬಾಯಿ ತುಂಬಾ ನೀರಿಟ್ಕೊಂಡು ಹೂಂ ಅನ್ನು ನೋಡೋಣ!"

ಅವಳು ಅಳುತ್ತಾ ನಗುತ್ತಾ ಗೇರು ಇಳಿಸಿದಳು.

ಘಟ್ಟದ ನೆತ್ತಿ ಬಂತು. ಗಾಳಿ ಬೀಸುವ ಕಡೆ ನಿಲ್ಲಿಸಿ, ಹೀಟರ್ ಮುಚ್ಚಿ, ಹಿಂದಕ್ಕೆ ಓಡಿದಳು. ಹಾಸಿಗೆ ಹಿಂಡಿದರೆ ನೀರು ಬರುವ ಹಾಗಿತ್ತು. ಅವನ ಮುಖ ಕಾದ ತವೆಯಂತಾಗಿತ್ತು, ಆದರೆ ಕಣ್ಣುಗಳು ಹೊಳೆಯುತ್ತಿದ್ದವು. "ಮೂರು ವರ್ಷದಿಂದ ಇಷ್ಟು ಬೆವರಿರ್ಲಿಲ್ಲ ಕಣೇ" ಎಂದ. ಎಷ್ಟು ಹೆಮ್ಮೆಯಿಂದ ಎಂದ ಅಂದರೆ, ನಲ್ಲಿಯಕ್ಕ ಅವನ ಹಣೆ ಒರೆಸಲು ಎತ್ತಿದ ಟವೆಲನ್ನು ಹಾಗೆಯೇ ಇಳಿಸಿದಳು. ಅದು ಅವನು ದುಡಿದ ಬೆವರು.

ಇಳಿಜಾರಿನಲ್ಲಿ ಗಾಡಿ ತಂಪಾಗಿ ಇಳಿಯಿತು. ದೋಣಿಕಟ್ಟೆ ತಲುಪಿದಾಗ ನಾಲ್ಕಕ್ಕೆ ಎಂಟು ನಿಮಿಷ. ಗೇಟಿನವನು ಸರಪಳಿ ಎಳೆಯಲು ಕೈ ಹಾಕಿದ್ದ. ನಲ್ಲಿಯಕ್ಕ ಹಾರನ್ ಮೇಲಿನ ಕೈ ತೆಗೆಯಲೇ ಇಲ್ಲ. ಅವನು ಗೊಣಗುತ್ತಾ ಸರಪಳಿ ಬಿಟ್ಟ. ಮನೆಗಾಡಿ ತಗಡಿನ ಹಲಗೆಯ ಮೇಲೆ ದಡಬಡಿಸುತ್ತಾ ದೋಣಿ ಹತ್ತಿತು.

"ಕೊನೇ ಗಾಡಿ ಹತ್ತಿತು ಕ್ಯಾಪ್ಟನ್" ಎಂದು ಗೇಟಿನವನು ವಾಕಿಟಾಕಿಯಲ್ಲಿ ಹೇಳಿದ. "ಯಾವುದೋ ಹಳೇ ಮನೆಗಾಡಿ. ಮುದುಕಪ್ಪ ಒಬ್ರು ಮಲಗಿದಾರೆ."

ಆ ಕಡೆಯಿಂದ ಒಂದು ಗಳಿಗೆ ಸದ್ದಿಲ್ಲ. ಆಮೇಲೆ, "ಸರಿ. ಗೇಟ್ ಹಾಕಿ."

ನಲ್ಲಿಯಕ್ಕ ಗಂಡನ ಬೆನ್ನಿಗೆ ಮೂರು ದಿಂಬು ಕೊಟ್ಟು ಕಿಟಕಿಗೆ ಆನಿಸಿ ಕೂರಿಸಿದಳು. ಮೇಲೆ ಗಾಜಿನ ಕೋಣೆಯಲ್ಲಿ ಬಿಳಿ ಅಂಗಿಯ ಮಗಳು ಕಾಣುತ್ತಿದ್ದಳು, ಪಕ್ಕದಿಂದ. ಧ್ವನಿವರ್ಧಕದಲ್ಲಿ ಅವಳ ದನಿ ಬಂತು: ಎಲ್ಲ ವಾಹನಗಳ ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಹಾಕಿ. ನಲ್ಲಿಯಕ್ಕ ಕಿಟಕಿಯಿಂದ ಎರಡೂ ಕೈ ಬೀಸಿದಳು. ಮಗಳು ತಿರುಗಲಿಲ್ಲ.

"ಒಂದ್ಸಲ ಇತ್ತ ನೋಡ್ಬಾರ್ದಾ ಇವಳು! ಎಷ್ಟು ಪಾಡು ಪಟ್ಟು ಬಂದಿದೀವಿ!"

"ಶ್, ಕೈ ಒಳಗೆ ತಗೋ" ಎಂದ ಗಂಡ. "ಈಗ ತಿರುಗಿದ್ರೆ ನಾನು ಕಲಿಸಿದ್ದು ದಂಡ. ನೀರು ನೋಡ್ತಾ ಇದಾಳೆ. ನೋಡ್ಲಿ."

ದೋಣಿ ಕಟ್ಟೆಯನ್ನು ಬಿಟ್ಟಿತು. ಎರಡು ಲಾರಿ, ಹದಿನಾಲ್ಕು ಕಾರು, ಒಂದು ಮುದಿ ಮನೆಗಾಡಿ ಹೊತ್ತ ಅಷ್ಟು ದೊಡ್ಡ ದೋಣಿ, ಒಂದು ಎಳೆತವಿಲ್ಲ, ಒಂದು ಕುಲುಕಿಲ್ಲ. ಕಟ್ಟೆ ಹಿಂದೆ ಸರಿಯುವುದನ್ನು ನೋಡಿದಾಗಲೇ ನಲ್ಲಿಯಕ್ಕನಿಗೆ ಹೊರಟದ್ದು ತಿಳಿದದ್ದು. ಗಂಡನ ಕಡೆ ತಿರುಗಿದಳು. ಅವನು ಅಳುತ್ತಿದ್ದ, ಮುಚ್ಚಿಟ್ಟುಕೊಳ್ಳದೆ ಅಳುತ್ತಿದ್ದ. ಒದ್ದೆ ಹಾಸಿಗೆಯ ಮೇಲಿದ್ದ ಎರಡೂ ಕೈ, ಮೇಲೆ ಮಗಳ ಕೈ ತಿರುಗಿದ ಕಡೆಗೇ, ಅಷ್ಟಷ್ಟೇ ತಿರುಗುತ್ತಿದ್ದವು.

"ಕ್ಲಚ್ ಬಿಟ್ಟಿದ್ದು ಗೊತ್ತಾಯ್ತೇನೇ ನಿಂಗೆ?" ಎಂದ ಅವನು. "ನಂಗೇ ಗೊತ್ತಾಗ್ಲಿಲ್ಲ."