ಅವ್ವನ ನೆಗೆಟಿವ್

ಅಪ್ಪ ರಂಗೂನಿನಿಂದ ತಂದದ್ದು ನನ್ನನ್ನು, ಮತ್ತೆ ಅವ್ವನ ಫೋಟೋದ ಒಂದು ಗಾಜಿನ ನೆಗೆಟಿವ್. ನಲವತ್ತೆರಡರಲ್ಲಿ ಜಪಾನಿಯರ ಬಾಂಬು ಬೀಳುತ್ತಿದ್ದಾಗ, ಹಾಸಿಗೆ ಹಿಡಿದ ತನ್ನ ತಂದೆಯನ್ನು ಬಿಟ್ಟು ಬರ್ಮಾದವಳಾದ ಅವ್ವ ಹೊರಡಲಿಲ್ಲ. ಹಿಂದಿನಿಂದ ಬರುತ್ತೇನೆ ಎಂದಳು. ಆಮೇಲೆ ಸುದ್ದಿಯೇ ಇಲ್ಲ.

ಇಚಲಕರಂಜಿಯಲ್ಲಿ ಅಪ್ಪ ಸಣ್ಣದೊಂದು ಸ್ಟುಡಿಯೋ ತೆರೆದ. ರಂಗೂನಿನಲ್ಲಿ ನಾನು ಇಂಡಿಯಾದ ಹುಡುಗಿಯಾಗಿದ್ದೆ, ಇಲ್ಲಿ ಬರ್ಮಾದವಳಾದೆ. ನನ್ನ ಚಪ್ಪಟೆ ಮೂಗು ನೋಡಲೆಂದೇ ಫೋಟೋ ತೆಗೆಸಿಕೊಳ್ಳಲು ಬಂದ ಪುಣ್ಯಾತ್ಮರೂ ಇದ್ದರು. ಅಪ್ಪನ ತಾಯಿ ಚಂಪಾಬಾಯಿ, ನಮ್ಮ ಆಯಿ, ಊರಿಗೆಲ್ಲ ಬೇರೆಯೇ ಕಥೆ ಹೇಳಿದ್ದಳು: ಸೊಸೆ ರಂಗೂನಿನ ಜೈನ ವ್ಯಾಪಾರಿಯ ಮಗಳು, ಕಾಲರಾದಲ್ಲಿ ತೀರಿಕೊಂಡಳು.

ನನಗೆ ಹದಿನೇಳಾದಾಗ ದಾನೋಳಿಯಿಂದ ಸಂಬಂಧ ಬಂತು. ಹುಡುಗನ ತಂದೆ ಭಾವುಸಾಹೇಬರು ನನ್ನ ಮುಖವನ್ನೇ ನೋಡುತ್ತ ಕೂತಿದ್ದು, "ತಾಯೀದು ಫೋಟೋ ಐತೇನ್ರಿ?" ಎಂದರು.

"ಐತ್ರಿ. ಮುಂದಿನ ವಾರ ಕಳಸ್ತೇವಿ," ಎಂದಳು ಆಯಿ. ಅವರು ಹೋದದ್ದೇ ತಡ, ಅಪ್ಪನ ಮೇಲೆ ಹರಿಹಾಯ್ದಳು. "ಮಂದಿ ಮೂಗು ನೆಟ್ಟಗ ಮಾಡಿ ಕೊಡ್ತಿ. ಹೆಂಡ್ತಿಗೆ ಒಂದು ಕುಂಕುಮ ಹಚ್ಚಾಕ ಆಗೂದಿಲ್ಲೇನು?"

ನೆಗೆಟಿವ್ ತಿದ್ದುವುದು ನಮ್ಮ ನಿತ್ಯದ ಕೆಲಸ. ಪೆನ್ಸಿಲಿನಿಂದ ತೀಡಿದ ಜಾಗ ಫೋಟೋದಲ್ಲಿ ಬೆಳ್ಳಗಾಗುತ್ತದೆ, ಬೇಡವೆಂದರೆ ಅಳಿಸಬಹುದು. ಕಪ್ಪಾಗಬೇಕಾದರೆ ಚಾಕುವಿನಿಂದ ಕೆರೆಯಬೇಕು. ಕೆರೆದದ್ದು ಮತ್ತೆ ಬರುವುದಿಲ್ಲ.

ಅಪ್ಪ ಚಾಕು ಹಿಡಿದು ಕೂತ. "ಮೊದಲ ಇದ್ದಂಗ ಒಂದು ಪ್ರಿಂಟ್ ತಗದ ಇಡ್ತೇನಿ ಶಾಲೂ," ಎಂದ. ಯುದ್ಧ ಮುಗಿದರೂ ಫೋಟೋ ಕಾಗದಕ್ಕೆ ಬರಗಾಲ. ಕೊಲ್ಲಾಪುರದಿಂದ ತಂದದ್ದರಲ್ಲಿ ಒಂದೇ ಹಾಳೆ ಉಳಿದಿತ್ತು.

"ಅದು ದಾನೋಳಿಯವರಿಗೆ ಬೇಕು. ಕೊಡಪ್ಪಾ ಇಲ್ಲೆ," ಎಂದು ಚಾಕು ಕಸಿದುಕೊಂಡೆ.

ಹಣೆಯಲ್ಲಿ ಕುಂಕುಮ ಕೆರೆದೆ. ಕೊರಳಿಗೆ ಕರಿಮಣಿ ಕೆರೆದೆ. ಕಣ್ಣುಗಳನ್ನು ಅಗಲ ಮಾಡಿದೆ, ಮೂಗಿನ ಎರಡೂ ಬದಿ ಕೆರೆದು ಚೂಪು ಮಾಡಿದೆ. ಯಾರೂ ನನ್ನನ್ನು ಬಲವಂತ ಮಾಡಿರಲಿಲ್ಲ. ಒಂದು ಊರಾದರೂ ನನ್ನನ್ನು ನಮ್ಮವಳು ಎನ್ನಲಿ ಎಂದು ನನಗೆ ಹಸಿವಿನಷ್ಟು ಆಸೆಯಾಗಿತ್ತು.

ಭಾವುಸಾಹೇಬರು ಒಪ್ಪಿದರು. ಮದುವೆಯಾಯಿತು. ಫೋಟೋ ನನ್ನ ಜೊತೆಗೇ ದಾನೋಳಿಗೆ ಬಂದು ಗೋಡೆ ಏರಿತು. ಅತ್ತೆ ಅದಕ್ಕೆ ಹಾರ ಹಾಕಿದರು.

ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಅಪ್ಪ ಬಂದ. ಕೈಯಲ್ಲಿ ರಂಗೂನಿನ ಲಕೋಟೆ. ಯುದ್ಧದಲ್ಲಿ ಕಳೆದುಹೋದವರನ್ನು ಹುಡುಕುವ ಅಲ್ಲಿನ ಕಚೇರಿಗೆ ಅವನು ಗುಟ್ಟಾಗಿ ಬರೆದಿದ್ದನಂತೆ. ಆ ಹೆಸರಿನವರು ನೂರಾರು ಜನ ಇದ್ದಾರೆ, ಫೋಟೋ ಕಳಿಸಿ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರಂತೆ. ಅವನ ಬಳಿ ಇದ್ದದ್ದು ನಾನು ಕೆರೆದ ಆ ಒಂದೇ ನೆಗೆಟಿವ್, ಅದರದ್ದೇ ಪ್ರಿಂಟ್ ಕಳಿಸಿದ್ದ.

"ಉತ್ತರ ಬಂದೈತಿ. ಇದು ಬರ್ಮಾ ಅಕ್ಷರ, ನನಗ ಓದಾಕ ಬರೂದಿಲ್ಲ," ಎಂದು ಕೊಟ್ಟ.

ರಂಗೂನಿನ ಶಾಲೆಯಲ್ಲಿ ಕಲಿತದ್ದು ನನಗೆ ಮರೆತಿರಲಿಲ್ಲ. ಓದಿದೆ. ‘ಫೋಟೋವನ್ನು ಎಲ್ಲ ಶಿಬಿರಗಳಲ್ಲಿ ತೋರಿಸಿದೆವು. ಯಾರೂ ಗುರುತಿಸಲಿಲ್ಲ. ಈಕೆ ಇಂಡಿಯಾದ ಹೆಂಗಸು. ನಿಮ್ಮಲ್ಲೇ ವಿಚಾರಿಸಿ. ನಾವು ಹುಡುಕುವುದನ್ನು ನಿಲ್ಲಿಸಿದ್ದೇವೆ.’

ಒಳಗೆ ಅತ್ತೆ ಇದ್ದರು, ಅಳುವ ಹಾಗೂ ಇರಲಿಲ್ಲ.

"ಏನಂತ ಬರದಾರ?"

"ಇನ್ನೂ ಹುಡಕಾಕತ್ತಾರಂತ," ಎಂದೆ.

ಅಪ್ಪನ ಮುಖ ಅರಳಿತು. ಹೊತ್ತು ಮುಳುಗುವ ಮುಂಚೆ ಎರಡು ರೊಟ್ಟಿ ಹೆಚ್ಚೇ ಉಂಡ. ಹೊರಡುವಾಗ ಅಂಗಳದಲ್ಲಿ ನನ್ನ ಕಿವಿಯ ಹತ್ತಿರ ಬಗ್ಗಿ, "ಬರ್ಲಿ ಆಕಿ. ಬಂದ ದಿನಾನ ಹೊಸಾ ಫೋಟೋ ತಗೀತೇನಿ. ಈ ಸಲ ಏನೂ ತಿದ್ದೂದ ಬ್ಯಾಡ," ಎಂದ.