ಕುಂಕುಮ ಹತ್ತಿದ ನಂಬರು

ಆಯುಧಪೂಜೆಯ ದಿನ ಮೊಳಕಾಲ್ಮುರಿನ ನಮ್ಮ ನೇಕಾರರ ಮನೆಗಳಲ್ಲಿ ಮಗ್ಗಕ್ಕೆ ರಜ, ಹೆಂಗಸರಿಗಲ್ಲ. ಮಗ್ಗ, ಲಾಳಿ, ರಾಟೆ ಎಲ್ಲ ಒರೆಸಿದ ಮೇಲೆ ಬೈಕಿನ ಸರದಿ. ನನ್ನ ಗಂಡ ಚೌಡೇಶ್ ಅದರ ಮೇಲೆ ಎರಡು ಬಕೆಟ್ ನೀರು ಸುರಿದು ‘ಆಯ್ತು’ ಅಂದರು. ಇಂಥ ಕೆಲಸ ಕಂಡರೆ ನನಗೆ ಮೈ ಉರಿಯುತ್ತದೆ. ಪೆಟ್ರೋಲ್ ಅದ್ದಿದ ಬಟ್ಟೆ ಹಿಡಿದು ನಾನೇ ಕೂತೆ.

ಹ್ಯಾಂಡಲ್ ಕೆಳಗೆ ಚಾಸಿ ನಂಬರ್ ಇರುವ ಜಾಗವನ್ನು ತಿಕ್ಕುವಾಗ ಬಣ್ಣ ಚಕ್ಕೆಯೆದ್ದಿತು. ಅದರ ಜೊತೆಗೇ ಕಬ್ಬಿಣಕ್ಕೆ ಮೆತ್ತಿದ್ದ ಪುಟ್ಟಿ ಲೇಪವೂ, ಅದರ ಮೇಲೆ ಕೊರೆದಿದ್ದ ನಂಬರೂ ಉದುರಿ ಕೈಗೆ ಬಂದವು. ಕೆಳಗೆ ಅರ್ಧಂಬರ್ಧ ಉಜ್ಜಿ ಅಳಿಸಿದ ಬೇರೆಯೇ ನಂಬರ್. ಅದರ ಗೀರುಗಳಲ್ಲಿ ಹಳೆಯ ಕುಂಕುಮ ಕಪ್ಪಾಗಿ ಕೂತಿತ್ತು. ಹಿಂದೊಂದು ಹಬ್ಬದಲ್ಲಿ ಯಾರೋ ಹೆಂಗಸು ಇದೇ ಬೈಕಿಗೆ ಪೂಜೆ ಮಾಡಿದ್ದಳು. ಆಮೇಲೆ ಒಂದು ಬೆಳಿಗ್ಗೆ ಅವಳು ಎದ್ದು ನೋಡಿದರೆ ಬಾಗಿಲಲ್ಲಿ ಬೈಕು ಇದ್ದಿರಲಿಕ್ಕಿಲ್ಲ; ಇದು ಕದ್ದ ಮಾಲು.

ಬೈಕು ಕೊಡಿಸಿದವನು ನನ್ನ ತಮ್ಮ ಗೋಪಿ. ಚಳ್ಳಕೆರೆಯಲ್ಲಿ ಹಳೆ ಬೈಕಿನ ಅಂಗಡಿ ಇಟ್ಟಿದ್ದಾನೆ.

ಚೌಡೇಶ್ ಬಗ್ಗಿ ನೋಡಿ ಬೆವತರು. "ಅಲ್ಲಿಗೆ ದಪ್ಪಕ್ಕೆ ಅರಿಶಿನ ಕುಂಕುಮ ಮೆತ್ತಿಬಿಡು. ಪೂಜೆ ಮಾಡಿದ್ದನ್ನ ಯಾವ ಪೊಲೀಸೂ ಕೆರೆಯಾಕಿಲ್ಲ."

ತಮಾಷೆಗೆ ಹೇಳಿದ್ದಲ್ಲ. ಸೀರೆ ಹೇರಿಕೊಂಡು ಚಳ್ಳಕೆರೆಗೆ ಹೋಗುವವರು ಅವರು, ದಾರಿಯಲ್ಲಿ ಸಿಕ್ಕಿಬಿದ್ದರೆ ಕಳ್ಳ ಅನ್ನಿಸಿಕೊಳ್ಳುವವರೂ ಅವರೇ. ನಾವಾಗಿ ಹೇಳಿದರೆ ಗೋಪಿ ಜೈಲಿಗೆ.

ಮಧ್ಯಾಹ್ನ ಗೋಪಿ ಊಟಕ್ಕೆ ಬಂದ. ಹೋಳಿಗೆ ಬಡಿಸಿ, ಪುಟ್ಟಿಯ ಚೂರನ್ನು ಎಲೆಯ ಪಕ್ಕದಲ್ಲಿಟ್ಟೆ. ಅವನ ಕೈ ನಿಂತಿತು.

"ನಾನು ಕದ್ದಿಲ್ಲಕ್ಕಾ. ಬಂದ ಗಾಡಿಗೆ ನಂಬರ್ ಹೊಡೆಸೀನಿ, ಅಷ್ಟೇ."

"ಅಷ್ಟೇನಾ? ಹೋದ ವರ್ಷ ಮಿಷಿನ್‌ನಲ್ಲಿ ನೇಯ್ದ ಸೀರೆಗೆ ಮೊಳಕಾಲ್ಮುರು ಸೀರೆ ಅಂತ ಚೀಟಿ ಅಂಟಿಸಿ ಮಾರಿದ್ರಲ್ಲ, ಆ ಅಂಗಡಿ ಮುಂದೆ ನಿಂತು ಎಲ್ಲರಿಗಿಂತ ಜೋರಾಗಿ ಬೈದೋನು ಯಾರೋ?"

ಅವನು ಹೋಳಿಗೆ ಪಕ್ಕಕ್ಕೆ ಸರಿಸಿದ. "ಬೇರೆ ಬೈಕ್ ಕೊಡ್ತೀನಿ. ಇದನ್ನ ನಂಗೇ ಕೊಟ್ಬಿಡು" ಅಂದ.

"ಕೊಟ್ರೆ ಇನ್ನೊಬ್ಬಳ ಮನೆ ಮುಂದೆ ನಿಲ್ಲಿಸ್ತೀಯ. ಊಟ ಮುಗಿಸು. ನಾವು ಸ್ಟೇಷನ್‌ಗೆ ಹೋಗ್ತೀವಿ. ಬರೋದಾದ್ರೆ ಬಾ."

"ವದ್ದಕ್ಕಾ..." ಬೇಡಕ್ಕಾ ಅಂತ. ಹೆದರಿದಾಗ ಅವನ ಬಾಯಿಗೆ ನಮ್ಮ ಮನೆಮಾತು ತೆಲುಗೇ ಬರುವುದು. ಚಿಕ್ಕವನಿದ್ದಾಗ ಅವ್ವ ಕೋಲು ಹಿಡಿದರೆ ಹೀಗೇ ಅನ್ನುತ್ತ ನನ್ನ ಸೆರಗಿನ ಹಿಂದೆ ಬರುತ್ತಿದ್ದ. ನನಗೆ ಅಳು ಬಂತು. ಆದರೂ ಚಪ್ಪಲಿ ಮೆಟ್ಟಿದೆ.

ಬೈಕನ್ನು ತಳ್ಳಿಕೊಂಡೇ ಹೋದೆವು. ಗೋಪಿ ಬರಲಿಲ್ಲ. ಸ್ಟೇಷನ್ ಬಾಗಿಲಿಗೂ ಬಾಳೆಕಂದು ಕಟ್ಟಿದ್ದರು, ಜೀಪಿಗೂ ಹೂವು. ಪೊಲೀಸಿನವನು ಮಂಡಕ್ಕಿ ಕೊಟ್ಟು, ನಾನು ತೋರಿಸಿದ ಜಾಗವನ್ನು ಬಗ್ಗಿ ನೋಡಿದ. ಅವನ ನಗು ಹೋಯಿತು.

"ಯಾರು ಕೊಟ್ಟಿದ್ದಮ್ಮಾ?"

ಚೌಡೇಶ್ ನನ್ನ ಮುಖ ನೋಡಿದರು. "ನನ್ನ ತಮ್ಮ" ಅಂದೆ.

"ಹೆಸರು ಹೇಳಿ."

ತಮ್ಮನ ತೊಟ್ಟಿಲ ಶಾಸ್ತ್ರದ ದಿನ ಅವ್ವ ನನ್ನನ್ನು ಹತ್ತಿರ ಕರೆದು, ಕೂಸಿನ ಕಿವಿಯಲ್ಲಿ ಹೆಸರು ನೀನೇ ಹೇಳು ಅಂದಿದ್ದಳು. ಆ ಹೆಸರನ್ನು ಲೋಕದಲ್ಲಿ ಮೊದಲು ಅಂದವಳು ನಾನು. ಈಗ ಪೊಲೀಸಿನವನಿಗೂ ನಾನೇ ಹೇಳಿದೆ.